ಪಾಸ್ ಬೇರೆಯವರದಾದರೆ ಬೈಯುತ್ತಿದ್ದವನು ಸಿಮ್ ಕೊಟ್ಟ ಕಥೆ

ಮಾನ್ಯ ಸಂಪಾದಕರೇ,

ನಾನು 31 ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಅಣ್ಣನ ಪಾಸ್ ಹಿಡಿದು ತಮ್ಮ ಬಸ್ ಹತ್ತಿದರೆ ಫೋಟೋ ನೋಡಿ, ಬೈದು, ಟಿಕೆಟ್ ಕೊಡುತ್ತಿದ್ದೆ. ಅಂಥವನು ನನ್ನ ಹೆಸರಿನ ಸಿಮ್ ಅನ್ನು ಸುಮ್ನೆ ಎತ್ತಿ ಇನ್ನೊಬ್ಬರ ಕೈಗೆ ಕೊಟ್ಟೆ.

ನಮ್ಮ ಬೀದಿಯ ಹೋಟೆಲಿಗೆ ಹೊರ ರಾಜ್ಯದ ಹುಡುಗನೊಬ್ಬ ಕೆಲಸಕ್ಕೆ ಬಂದಿದ್ದ. ಆಧಾರ್ ಕಾರ್ಡ್ ಊರಲ್ಲೇ ಇದೆ, ಅಮ್ಮನಿಗೆ ಫೋನ್ ಮಾಡಬೇಕು ಅಂದ. ಯಾವುದೋ ಆಫರ್‌ನಲ್ಲಿ ತಗೊಂಡ ಎರಡನೇ ಸಿಮ್ ಮನೆಯಲ್ಲಿ ಬಿದ್ದಿತ್ತು. ಕೊಟ್ಟೆ. ನಾಲ್ಕು ತಿಂಗಳಿಗೆ ಅವನು ಕೆಲಸ ಬಿಟ್ಟು ಹೋದ, ಸಿಮ್ಮೂ ಹೋಯಿತು. ನಾನು ಮರೆತೇಬಿಟ್ಟೆ.

ಹೋದ ವರ್ಷ, ಬೇರೆ ರಾಜ್ಯದ ಪೊಲೀಸ್ ಅಂತ ಒಂದು ಫೋನ್ ಬಂತು. "ಅಪ್ಪಾ, ಇದು ಪೊಲೀಸ್ ಸೋಗಲ್ಲಿ ಹೆದರಿಸಿ ದುಡ್ಡು ಕೀಳೋ ಡಿಜಿಟಲ್ ಅರೆಸ್ಟ್‌ನವರದು, ಇಟ್ಬಿಡಿ" ಅಂದಳು ಮಗಳು. ಇಟ್ಟೆ. ಮುಂದಿನ ವಾರ ನಮ್ಮೂರ ಪೇದೆಯೇ ಮನೆ ಬಾಗಿಲಿಗೆ ಬಂದರು! ಆ ನಂಬರಿನಿಂದ ಸಾಲ ಕೊಡಿಸುತ್ತೇವೆ ಅಂತ ಯಾರಿಂದಲೋ ದುಡ್ಡು ಹಾಕಿಸಿಕೊಂಡಿದ್ದರಂತೆ. ಹುಡುಗನೇ ಮಾಡಿದನೋ, ಅವನ ಕೈಯಿಂದ ಸಿಮ್ ಎಲ್ಲೆಲ್ಲಿ ತಿರುಗಿತೋ. ಅವನ ಮೇಲೆ ಈಗಲೂ ನನಗೆ ಸಿಟ್ಟಿಲ್ಲ. ಆದರೆ ದಾಖಲೆಯಲ್ಲಿದ್ದದ್ದು ನನ್ನ ಫೋಟೋ, ನನ್ನ ವಿಳಾಸ. ಹೇಳಿಕೆ ಕೊಡಲು ಮೂರು ಸಲ ಠಾಣೆಗೆ ಅಲೆದೆ. ಊರಲ್ಲಿ ನಾಲ್ಕು ಜನ ನೋಡುತ್ತಾರೆ, ಅಲ್ವಾ?

ಆಮೇಲೆ ಮಗಳು 'ಸಂಚಾರ್ ಸಾಥಿ' ತೆರೆದಳು. ಕೇಂದ್ರದ ದೂರಸಂಪರ್ಕ ಇಲಾಖೆ 2023ರಲ್ಲಿ ಶುರು ಮಾಡಿದ ಜಾಲತಾಣ. ನಮ್ಮ ನಂಬರ್ ಹಾಕಿ ಒಟಿಪಿ ಕೊಟ್ಟರೆ ನಮ್ಮ ಹೆಸರಲ್ಲಿರುವ ಸಿಮ್‌ಗಳನ್ನೆಲ್ಲ ತೋರಿಸುತ್ತದೆ. ಹುಡುಗನ ಕೈಲಿದ್ದದ್ದು ಅಷ್ಟರಲ್ಲಿ ಬಂದ್ ಆಗಿತ್ತು, ಹಾಗಾಗಿ ಒಂದೇ ಇರಬೇಕಿತ್ತು. ಎರಡು ಇತ್ತು. ರಸ್ತೆ ಬದಿ ಕೊಡೆ ನೆಟ್ಟುಕೊಂಡು ಸಿಮ್ ಮಾರುತ್ತಿದ್ದವನು "ಬೆರಳು ಸರಿಯಾಗಿ ಬರ್ತಿಲ್ಲ, ಇನ್ನೊಂದ್ಸಲ ಒತ್ತಿ" ಅಂದಿದ್ದು ಆಗ ನೆನಪಾಯಿತು. ಆ ಎರಡನೇ ಸಲದ ಬೆರಳಿಗೇ ನನ್ನ ಹೆಸರಲ್ಲಿ ಇನ್ನೊಂದು ಸಿಮ್ ಮಾಡಿಕೊಂಡಿರಬೇಕು. 'ಇದು ನನ್ನ ನಂಬರ್ ಅಲ್ಲ' ಎಂದು ಒತ್ತಿ ಕಳಿಸಿದೆವು.

ನಮ್ಮ ರಾಜ್ಯದಲ್ಲಿ ಒಬ್ಬರ ಹೆಸರಲ್ಲಿ 9 ಸಿಮ್‌ವರೆಗೆ ಇರಬಹುದಂತೆ. ನನ್ನಂಥವನಿಗೆ ಅಷ್ಟು ಯಾಕೋ! ಮಿತಿ ಮೀರಿದರೆ 2023ರ ದೂರಸಂಪರ್ಕ ಕಾಯ್ದೆ ಪ್ರಕಾರ ಮೊದಲ ಸಲಕ್ಕೇ 50,000 ರೂಪಾಯಿವರೆಗೆ ದಂಡ.

ಬೀದಿಯಲ್ಲಿ ವಿಚಾರಿಸಿದರೆ ಅತ್ತೆಯ ಸಿಮ್ ಸೊಸೆಯ ಹೆಸರಲ್ಲಿ, ಮೊಮ್ಮಗನದು ತೀರಿಕೊಂಡ ತಾತನ ಹೆಸರಲ್ಲಿ. ಇವರಲ್ಲಿ ಎಷ್ಟು ಜನ ಆ ಜಾಲತಾಣ ತೆರೆದಾರು? ಪಹಣಿಗೆ, ಪಿಂಚಣಿಗೆ ಅಂತ ಗ್ರಾಮ ಒನ್ ಕೇಂದ್ರಕ್ಕೆ ಬರುವ ಹಿರಿಯರಿಗೆ ಅಲ್ಲಿನವರೇ ಇದನ್ನೂ ತೆಗೆದು ತೋರಿಸಲಿ. ಒಟಿಪಿ ಬರುವಷ್ಟು ಹೊತ್ತಿನ ಕೆಲಸ. ಸಂಬಂಧಪಟ್ಟವರು ಒಂದು ಸುತ್ತೋಲೆ ಹೊರಡಿಸಿದರೂ ಸಾಕು.

ಮೊನ್ನೆ ಹೋಟೆಲಿಗೆ ಇನ್ನೊಬ್ಬ ಹುಡುಗ ಬಂದಿದ್ದಾನೆ. ಅವನೂ ಸಿಮ್ ಕೇಳಿದ. ಊರಿಂದ ಆಧಾರ್ ನಂಬರ್ ತರಿಸಿಕೋ ಅಂದು, ಅಂಗಡಿಗೆ ಕರೆದುಕೊಂಡು ಹೋಗಿ ಅವನ ಹೆಬ್ಬೆಟ್ಟಿನಲ್ಲೇ ಒಂದು ಮಾಡಿಸಿಕೊಟ್ಟೆ. ಒಂದೇ ಸಲ ಒತ್ತಿಸಿದೆ.

ಒಬ್ಬ ನಿವೃತ್ತ ಕಂಡಕ್ಟರ್, ಅರಸೀಕೆರೆ