ಗಿಲಾವು ಹಾಕುವ ಮೊದಲು ಗೋಡೆಗೆ ಕಿವಿ ಇಟ್ಟು ನೋಡಿ

ಮಾನ್ಯ ಸಂಪಾದಕರೇ,

ಶಿವರಾತ್ರಿ ಮುಗಿದರೆ ಸಾಕು, ಪುಣೆಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು. ಹಳ್ಳಿಮನೆಗೆ ಬಣ್ಣ ಹೊಡೆಸಬೇಕು, ಹೆಂಚು ಕೈಯಾಡಿಸಬೇಕು, ಗೌಂಡಿ ಸಿಗ್ತಾ ಇಲ್ಲ, ಯುಗಾದಿಯೊಳಗೆ ಮುಗಿಯುತ್ತಾ? ಮುಳಶಿ, ಭೋರ್, ಮಾವಳ ಕಡೆ ನಾಲ್ಕು ಗುಂಟೆ ಜಾಗವೋ ಹಳೇ ಮನೆಯೋ ಮಾಡಿಕೊಂಡವರು ಈಗ ಬಹಳ ಜನ. ನಾನೂ ಅವರಲ್ಲಿ ಒಬ್ಬ. ಶಿರಸಿ ಕಡೆಯವನು, ಕೆಲಸಕ್ಕೆ ಅಂತ ಬಂದು ಕೋಥರೂಡಿನಲ್ಲಿ ಉಳಿದುಬಿಟ್ಟವನು. ಪೌಡ್ ದಾಟಿದ ಮೇಲೆ ಸಿಗುವ ಒಂದು ಹಳ್ಳಿಯಲ್ಲಿ ಕಲ್ಲು ಮಣ್ಣಿನ ಗೋಡೆಯ ಮನೆ ಕೊಂಡು ಮೂರು ವರ್ಷ ಆಯಿತು. ಮಾಡಿಗೆ ಮಂಗಳೂರು ಹೆಂಚು, ಇಲ್ಲಿಯವರೂ ಅದನ್ನು ‘ಮಂಗಳೂರಿ ಕೌಲ’ ಅಂತಲೇ ಕರೆಯುತ್ತಾರೆ. ಅಷ್ಟಕ್ಕೇ ನನಗೆ ಮನೆ ಹಿಡಿಸಿಬಿಟ್ಟಿತ್ತು.

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ಬೇರೆಯವರು ಮಾಡಬಾರದು ಅಂತ ಈ ಪತ್ರ.

ಹಿತ್ತಿಲ ಗೋಡೆಯಲ್ಲಿ ಒಂದು ಬಿರುಕಿತ್ತು, ಅದರಲ್ಲಿ ಜೇನುನೊಣಗಳು ಹೋಗಿಬಂದು ಮಾಡುತ್ತಿದ್ದವು. ಶಿರಸಿಯಲ್ಲಿ ಹುಟ್ಟಿದವನಿಗೆ ಅದು ತುಡುವೆ, ಅಂದರೆ ಪೊಟರೆಯಲ್ಲಿ ಗೂಡು ಕಟ್ಟುವ ಜೇನು, ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಹಬ್ಬದ ಅವಸರ, ಗೌಂಡಿಯ ಅವಸರ. ಪೆಸ್ಟ್ ಕಂಟ್ರೋಲಿನವರೊಬ್ಬರು ಬಂದು ಹತ್ತು ನಿಮಿಷದಲ್ಲಿ ಔಷಧ ಹೊಡೆದು ದುಡ್ಡು ತಗೊಂಡು ಹೋದರು. ಮರುದಿನ ಗಿಲಾವು, ಮೂರನೇ ದಿನ ಸುಣ್ಣ. ಮೇ ತಿಂಗಳ ಬಿಸಿಲಿಗೆ ಗೋಡೆ ಬೆವರತೊಡಗಿತು. ಬಿಳೀ ಸುಣ್ಣದ ಮೇಲೆ ಅಂಗೈಯಗಲ ಕಂದು ಕಲೆ, ಮುಟ್ಟಿದರೆ ಅಂಟು, ಕೆಳಗೆ ಇರುವೆ ಸಾಲು. ಆಗ ತಲೆಗೆ ಹೊಳೆಯಿತು. ನೊಣಗಳು ಬದುಕಿದ್ದರೆ ರೆಕ್ಕೆ ಬೀಸಿ ಬೀಸಿ ಗೂಡನ್ನು 35 ಡಿಗ್ರಿ ಆಸುಪಾಸಿನಲ್ಲೇ ಇಟ್ಟುಕೊಳ್ಳುತ್ತವೆ. ಅವೇ ಇಲ್ಲದ ಮೇಲೆ ಎರಿಗಳು, ಅಂದರೆ ಗೂಡಿನ ಮೇಣದ ಹಲ್ಲೆಗಳು, ಮೆತ್ತಗಾಗಿ, ಜರಿದು, ಜೇನುತುಪ್ಪವೆಲ್ಲ ಗೋಡೆಯೊಳಗೇ ಇಳಿದಿದೆ. ಗಿಲಾವು ಒಡೆಸಿದಾಗ ಬಂದ ವಾಸನೆ ಬರೆಯೋದು ಬೇಡ. ಮೇಣದ ಹುಳ ಎರಿಯನ್ನೆಲ್ಲ ಬಲೆ ಬಲೆ ಮಾಡಿಟ್ಟಿತ್ತು. ಖರ್ಚು ಎರಡು ಸಲ ಆಯಿತು, ಅದು ಬೇರೆ. ಹಾಗಂತ ಬಿರುಕು ಮುಚ್ಚದೆ ಬಿಟ್ಟಿದ್ದರೆ ಸುತ್ತಲಿನ ಜೇನುಗಳು ಆ ವಿಷದ ತುಪ್ಪವನ್ನೇ ಕದ್ದು ತಮ್ಮ ಗೂಡಿಗೆ ಒಯ್ಯುತ್ತಿದ್ದವು.

ತೊಂದರೆ ಇರುವುದು ಕಾಲದಲ್ಲೇ. ನಾವು ಮನೆ ರಿಪೇರಿಗೆ ಹೊರಡುವ ಹೊತ್ತಿಗೇ ಬೂರುಗ, ಮುತ್ತುಗ, ಹೊಂಗೆ, ನೇರಳೆ ಒಂದರ ಹಿಂದೆ ಒಂದು ಹೂ ಬಿಡುತ್ತವೆ. ಗೂಡು ತುಂಬಿ ಜೇನು ಪಾಲಾಗುತ್ತದೆ. ಹಳೇ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಹೊಸ ಮನೆ ಹುಡುಕಿ ಹೊರಡುತ್ತಾಳೆ. ತುಡುವೆಗೆ ಕತ್ತಲ ಪೊಟರೆ ಬೇಕು. ಬೀಗ ಹಾಕಿದ ನಮ್ಮ ವೀಕೆಂಡ್ ಮನೆಗಿಂತ ಒಳ್ಳೇ ಪೊಟರೆ ಎಲ್ಲಿ ಸಿಗಬೇಕು, ಹೇಳಿ?

ಈ ವರ್ಷ ಅಡುಗೆಮನೆ ಗೋಡೆಯಲ್ಲಿ ಮತ್ತೆ ಗುಂಯ್ ಅನ್ನುವ ಸದ್ದು. ಗೌಂಡಿ ಸೀಮೆಎಣ್ಣೆ ಅಂದ. ಊರಿನ ಹಿರಿಯರೊಬ್ಬರು, ಎಲ್ಲರೂ ಅವರನ್ನು ಕಾಕಾ ಅಂತಾರೆ, ಗೋಡೆಗೆ ಕಿವಿ ಇಟ್ಟು ಕೇಳಿ ‘ಸಾಹೇಬ, ಹೀ ಸಾತೇರೀ ಹಾಯ್, ಆಗ್ಯಾ ನ್ಹಾಯ್’ ಅಂದರು. ನಮ್ಮ ತುಡುವೆ ಇಲ್ಲಿ ಸಾತೇರಿ, ಹೆಜ್ಜೇನು ಆಗ್ಯಾ. ಸಂಜೆ ಕತ್ತಲಾದ ಮೇಲೆ ಕೆಲಸ. ಜೇನಿಗೆ ಕೆಂಪು ಬಣ್ಣ ಕಾಣುವುದಿಲ್ಲ, ಅದಕ್ಕೆ ಟಾರ್ಚಿಗೆ ಕೆಂಪು ಕಾಗದ ಸುತ್ತಿ ಮಗಳ ಕೈಗೆ ಕೊಟ್ಟೆ. ತೆಂಗಿನ ಸಿಪ್ಪೆಯ ಹೊಗೆ ಸ್ವಲ್ಪವೇ ಸ್ವಲ್ಪ. ಕಾಕಾ ಕಲ್ಲೊಂದನ್ನು ಸಡಿಲಿಸಿ ಎರಿಗಳನ್ನು ಒಂದೊಂದಾಗಿ ಕೊಯ್ದರು, ಏಳು ಬಂದವು. ಮರಿ ಇದ್ದ ಭಾಗವನ್ನು ಬಾಳೆ ನಾರಿನಿಂದ ಜೇನುಪೆಟ್ಟಿಗೆಯ ಚೌಕಟ್ಟಿಗೆ ಕಟ್ಟಿದರು, ಯಾವ ತುದಿ ಮೇಲಿತ್ತೋ ಅದೇ ತುದಿ ಮೇಲೆ. ರಾಣಿ ಸಿಕ್ಕಿದ್ದು ಕೊನೆಯ ಎರಿಯಲ್ಲಿ, ಅಲ್ಲಿಯವರೆಗೂ ಮೂವರೂ ಉಸಿರು ಬಿಟ್ಟಿರಲಿಲ್ಲ. ಅವಳು ಪೆಟ್ಟಿಗೆಗೆ ಇಳಿದಳು, ಉಳಿದವು ತಾವೇ ಹಿಂದೆ ಹೋದವು. ನನಗೆ ನಾಲ್ಕು ಕಡಿತ, ಮಗಳಿಗೆ ಒಂದು, ಕಾಕಾಗೆ ಒಂದೂ ಇಲ್ಲ. ಪೊಟರೆಯೊಳಗಿನ ಮೇಣವನ್ನೆಲ್ಲ ಕೆರೆದು ತೆಗೆದ ಮೇಲೇ ಗಾರೆ ತುಂಬಿಸಿದೆವು. ಆ ವಾಸನೆ ಉಳಿದರೆ ಬರುವ ವರ್ಷ ಇನ್ನೊಂದು ಸಂಸಾರ ಬಂದು ಕೂರುತ್ತದೆ. ಪೆಟ್ಟಿಗೆಯ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟಿದ್ದೇನೆ, ಇರುವೆ ಹತ್ತಬಾರದು ಅಂತ.

ಒಂದು ಮಾತು. ಇದೆಲ್ಲ ತುಡುವೆಗೆ ಮಾತ್ರ. ಹೆಜ್ಜೇನಿನ ತಂಟೆಗೆ ನೀವಾಗಿ ಹೋಗಬೇಡಿ. ಅದು ವಲಸೆಯ ಜಾತಿ, ಹೂವು ಮುಗಿದರೆ ತಾನೇ ಎದ್ದು ಹೋಗುತ್ತದೆ. ಜೇನು ಕಚ್ಚಿದರೆ ಮೈಯೆಲ್ಲ ಊದುವವರು, ಉಸಿರು ಕಟ್ಟುವವರು ಮನೆಯಲ್ಲಿದ್ದರೆ ತುಡುವೆಯನ್ನೂ ಬಲ್ಲವರಿಗೇ ಬಿಡಿ.

ಕಲಿಯಬೇಕು ಅನ್ನುವವರಿಗೆ ಪುಣೆಯಲ್ಲೇ ಜಾಗವಿದೆ. ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ 1962ರಿಂದ ಇದೆ, ಗಣೇಶಖಿಂಡ್ ರಸ್ತೆಯಲ್ಲಿ. ಎಷ್ಟೋ ವರ್ಷ ಅದರ ಮುಂದೆಯೇ ಬಸ್ಸಲ್ಲಿ ಓಡಾಡಿದವನು ನಾನು, ಬೋರ್ಡು ಓದಿರಲಿಲ್ಲ. ಮಹಾಬಳೇಶ್ವರದ ಹತ್ತಿರ ಮಾಂಘರ್ ಅನ್ನುವ ಊರನ್ನು 2022ರಲ್ಲಿ ‘ಜೇನಿನ ಹಳ್ಳಿ’ ಅಂತ ಘೋಷಿಸಿದರು. ಆ ಕಡೆ ಹೋದವರು ಸ್ಟ್ರಾಬೆರಿ ತಿಂದು ವಾಪಸ್ ಬರದೆ ಅಲ್ಲಿಗೂ ಹೋಗಿ.

ಇನ್ನು ತೋಟ. ಹೊಸ ಮನೆ ಅಂದ ಕೂಡಲೇ ಲಾನ್ ಹಾಕಿಸಿ, ನರ್ಸರಿಯಿಂದ ಎಸಳಿನ ಮೇಲೆ ಎಸಳಿರುವ ಡಬಲ್ ಹೂವಿನ ಗಿಡ ತರುತ್ತೇವೆ. ನೋಡೋಕೆ ಚೆಂದ, ಜೇನಿಗೆ ಅಲ್ಲಿ ಸಿಗುವುದು ಬಹಳ ಕಡಿಮೆ. ನುಗ್ಗೆ, ನಿಂಬೆ, ತುಳಸಿ ಹಾಕಿ. ಕೊತ್ತಂಬರಿಯನ್ನು ಪೂರ್ತಿ ಕೀಳದೆ ಒಂದು ಸಾಲು ಹೂವಿಗೆ ಬಿಡಿ. ಬೇಸಿಗೆಯಲ್ಲಿ ಅಗಲ ತಟ್ಟೆಯಲ್ಲಿ ಕಲ್ಲು ಹಾಕಿ ನೀರಿಡಿ. ಕಲ್ಲಿಲ್ಲದಿದ್ದರೆ ಮುಳುಗಿ ಸಾಯುತ್ತವೆ. ಹೋದ ವರ್ಷ ನಮ್ಮ ಸೌತೆಕಾಯಿ ಒಂದು ತುದಿ ದಪ್ಪ, ಒಂದು ತುದಿ ಸಣಕಲು, ಸೊಟ್ಟ ಸೊಟ್ಟ. ಪರಾಗ ಸರಿಯಾಗಿ ಬೀಳದಿದ್ದರೆ ಹಾಗಾಗುತ್ತದೆ. ಈ ಸಲ ನೆಟ್ಟಗಿವೆ. ಪೆಟ್ಟಿಗೆಯ ಪುಣ್ಯ ಅಂತ ನಾನು, ತಾನು ಹಾಕಿದ ಗೊಬ್ಬರದ್ದು ಅಂತ ನನ್ನ ಹೆಂಡತಿ.

ಸಂಪಾದಕರೇ, ಯುಗಾದಿ ಹತ್ತಿರ ಬಂದಾಗ ನಿಮ್ಮ ಪುಟಗಳಲ್ಲಿ ಬಣ್ಣದ ಜಾಹೀರಾತು, ಫಾರ್ಮ್ ಹೌಸ್ ಜಾಹೀರಾತು ಬೇಕಾದಷ್ಟು ಬರುತ್ತವೆ. ಅದರ ಪಕ್ಕದಲ್ಲೇ ಗೋಡೆಯ ಜೇನನ್ನು ಕೊಲ್ಲದೆ ತೆಗೆಯುವ ಬಗ್ಗೆ ಬಲ್ಲವರಿಂದ ಅರ್ಧ ಕಾಲಂ ಬರೆಸಿದರೆ ಚೆನ್ನಾಗಿತ್ತು. ನಮ್ಮ ಕಾಕಾ ಸುತ್ತಲ ನಾಲ್ಕೈದು ಹಳ್ಳಿಗೆ ಈಗಲೂ ಹೋಗುತ್ತಾರೆ, ದುಡ್ಡು ಕೇಳುವುದಿಲ್ಲ, ಎರಿಯಲ್ಲಿ ಒಂದು ತುಂಡು ಕೊಟ್ಟರಾಯಿತು. ಆದರೆ ಭಾನುವಾರ ಮಾತ್ರ ಕರೆಯಬೇಡಿ, ಅವತ್ತು ಅವರು ಮನೆಯಲ್ಲೇ ಇರುವುದಿಲ್ಲ.

— ಒಬ್ಬ ಓದುಗ, ಕೋಥರೂಡ್, ಪುಣೆ