ಶೆಟ್ಲಿ ಸಿಪ್ಪೆ ಎಲ್ಲಿ ಹಾಕಬೇಕು, ಹೇಳಿ

ಸಂಪಾದಕರೇ,

ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡಿಕೊಳ್ಳಬೇಕೆಂಬ ಸುದ್ದಿ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಬಂದಾಗ ಖುಷಿಪಟ್ಟವಳು ನಾನು. ಆ ಖುಷಿ ಸೋಮವಾರ ಬೆಳಿಗ್ಗೆ ಏಳೂಕಾಲಿಗೆ ಇಳಿಯಿತು. ಹಾಡು ಹಾಕಿಕೊಂಡು ಕಸದ ಗಾಡಿ ಬಂತು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬಕೆಟ್ ಹಿಡಿದು ಗೇಟಿಗೆ ಓಡಿದೆ. ಹುಡುಗ ಮುಚ್ಚಳ ತೆಗೆದು ನೋಡಿ ಬಕೆಟ್ ವಾಪಸ್ ಕೊಟ್ಟ. "ಅಕ್ಕೋರೇ, ಹಸಿ ಕಸ ಇನ್ಮೇಲೆ ತಗೊಳ್ಳೋದಿಲ್ಲ. ಸಾಹೇಬ್ರು ಹೇಳಿದಾರೆ" ಎಂದ. ಅವನನ್ನು ಬೈಯಲಾರೆ. ಏಳನೇ ಕ್ಲಾಸಿನಲ್ಲಿ ನನ್ನ ಹತ್ತಿರವೇ ಓದಿದವನು.

ಬಕೆಟ್‌ನಲ್ಲಿ ಇದ್ದದ್ದು ಭಾನುವಾರದ ಶೆಟ್ಲಿಯ, ಅಂದರೆ ಸೀಗಡಿಯ, ತಲೆ ಮತ್ತು ಸಿಪ್ಪೆ. ಜೂನ್ 1ರಿಂದ ಜುಲೈ 31ರವರೆಗೆ ಮೀನು ಹಿಡಿಯುವ ಬೋಟು ಬಂದ್. ಇನ್ನೇನು ಶ್ರಾವಣ ಬೇರೆ ಬರುತ್ತದೆ. ಮೊಮ್ಮಕ್ಕಳು ಬಂದಿದ್ದಾರೆಂದು ಕಾರವಾರದ ಮಾರ್ಕೆಟ್ಟಿಗೆ ಬಸ್ಸಿನಲ್ಲಿ ಹೋಗಿ, ಬಾಯಿಗೆ ಬಂದ ರೇಟು ಕೊಟ್ಟು ಒಂದು ಕಿಲೋ ಹೊಳೆ ಶೆಟ್ಲಿ ತಂದಿದ್ದೆ. ಒಂದು ಕಿಲೋ ಶೆಟ್ಲಿ ಸುಲಿದರೆ ಸಾರಿಗೆ ಎಷ್ಟು, ಬಕೆಟ್ಟಿಗೆ ಎಷ್ಟು ಅಂತ ನಮ್ಮ ಕಡೆಯ ಹೆಂಗಸರಿಗೆ ಗೊತ್ತು. ಸಾಹೇಬರಿಗೆ ಗೊತ್ತಿದ್ದಂತಿಲ್ಲ.

ಗೊಬ್ಬರ ಮಾಡಲು ಬಾರದೆ ಗೊಣಗುತ್ತಿದ್ದಾಳೆ ಎಂದುಕೊಳ್ಳಬೇಡಿ. ಆರು ವರ್ಷದಿಂದ ಮಾಡುತ್ತಿದ್ದೇನೆ. ಹಳೇ ಪೇಂಟ್ ಡಬ್ಬ, ಸುತ್ತ ತೂತು, ತಳಕ್ಕೆ ತೆಂಗಿನ ಸಿಪ್ಪೆ. ಒಂದು ಪಾಲು ಕಾಯಿಪಲ್ಲೆ ಸಿಪ್ಪೆಗೆ ಎರಡು ಪಾಲು ಒಣ ದರಕು (ಉದುರಿದ ಎಲೆ), ಮೇಲೆ ಒಂದಿಷ್ಟು ಹುಳಿ ಮಜ್ಜಿಗೆ. ವಾರಕ್ಕೆರಡು ಸಲ ಕೆದಕಿದರೆ ಬೇಸಿಗೆಯಲ್ಲಿ ಎರಡು, ಎರಡೂವರೆ ತಿಂಗಳಿಗೆ ಚಹಾಪುಡಿಯಂಥ ಗೊಬ್ಬರ. ನನ್ನ ಕರಿಬೇವಿನ ಗಿಡ ನೋಡಿದವರು ಕೇಳದೆ ಹೋಗುವುದಿಲ್ಲ. ಆದರೆ ಇದು ಜುಲೈ ತಿಂಗಳು! ಹಾಸಿಗೆಯೇ ಒಣಗುವುದಿಲ್ಲ, ದರಕು ಎಲ್ಲಿಂದ ಒಣಗಬೇಕು? ಡಬ್ಬದೊಳಗೆ ಗಾಳಿ ಆಡದೆ ಎಲ್ಲ ರಾಡಿಯಾಗಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಜೊತೆಗೆ ಹುಳ. ಹುಳದಿಂದ ತೊಂದರೆಯಿಲ್ಲ, ಕಸವನ್ನು ಬೇಗ ತಿಂದು ಮುಗಿಸುತ್ತದೆ. ಅದನ್ನು ಸೊಸೆಗೆ ಹೇಳಿ ನೋಡಿ. ಅದರಲ್ಲಿ ಮೀನಿನ ಕಸವನ್ನೂ ಹಾಕಿದರೆ ಮುಗಿಯಿತು, ಕೇರಿಯ ಹೆಗ್ಗಣಗಳಿಗೆಲ್ಲ ನಮ್ಮಲ್ಲೇ ಊಟ.

ಸರಿ, ಹೂಳೋಣ ಎಂದು ಸೋಮವಾರ ಮಳೆಯಲ್ಲೇ ತೆಂಗಿನ ಬುಡದಲ್ಲಿ ಅಗೆದೆ. ಅರ್ಧ ಅಡಿಗೆ ಚಿರೇಕಲ್ಲು ಹತ್ತಿತು. ಅಷ್ಟಕ್ಕೇ ಹಾಕಿ ಮಣ್ಣು ಮುಚ್ಚಿ, ಮೇಲೊಂದು ಕಲ್ಲಿಟ್ಟು ಬಂದೆ. ರಾತ್ರಿ ನಾಯಿಗಳು ಕಲ್ಲು ಸರಿಸಿ ಅಗೆದಿವೆ. ಬೆಳಿಗ್ಗೆ ನೋಡಿದರೆ ಪಕ್ಕದ ಮನೆಯ ತುಳಸಿಕಟ್ಟೆಯ ಮೇಲೆ ಮೂರು ಶೆಟ್ಲಿ ತಲೆ, ಮೀಸೆ ಸಮೇತ. ಅವರು ಮೀನು ತಿನ್ನದವರು. ಏಕಾದಶಿ ಉಪವಾಸ ಬಿಡದವರು. ಮೂರು ದಿನದಿಂದ ಮಾತಿಲ್ಲ. ಇಪ್ಪತ್ತೆರಡು ವರ್ಷದ ನೆರೆಹೊರೆ, ಸ್ವಾಮಿ!

ಕಳೆದ ತಿಂಗಳು ಹಾಲ್‌ನಲ್ಲಿ ಗೊಬ್ಬರ ಮಾಡುವ ತರಬೇತಿ ಇತ್ತು, ಹೋಗಿದ್ದೆ. ಪರದೆ ಮೇಲೆ ಕ್ಯಾರೆಟ್ ಸಿಪ್ಪೆ, ಬೀನ್ಸ್ ತೊಟ್ಟು ಎಲ್ಲ ಚೆಂದವಾಗಿ ತೋರಿಸಿದರು. ಮೀನಿನ ಕಸ ಏನು ಮಾಡಬೇಕು ಅಂತ ಕೇಳಿದೆ. "ಅದನ್ನ ಅವಾಯ್ಡ್ ಮಾಡಿ ಮೇಡಂ" ಎಂದರು. ಡಬ್ಬಕ್ಕೆ ಹಾಕುವುದನ್ನೋ, ತಿನ್ನುವುದನ್ನೋ? ಆಮೇಲೆ ಬಟಾಟೆವಡೆ, ಚಹಾ. ತಟ್ಟೆ, ಲೋಟ, ಉಳಿದ ವಡೆ ಎಲ್ಲ ಒಂದೇ ಕಪ್ಪು ಚೀಲಕ್ಕೆ ಹೋದವು.

ಶಿರಸಿ ಕಡೆ ತೋಟ ಇದ್ದವರಿಗೆ ದರಕು ಬೆಟ್ಟದಲ್ಲಿ ಸಿಗುತ್ತದೆ, ಗೊಬ್ಬರಗುಂಡಿ ಕೊಟ್ಟಿಗೆ ಪಕ್ಕದಲ್ಲೇ ಇರುತ್ತದೆ. ನಮ್ಮದು ಎರಡು ಗುಂಟೆ. ನಮ್ಮ ಮಹಡಿ ಮೇಲಿನ ಬಾಡಿಗೆಯವರಿಗೆ ಅದೂ ಇಲ್ಲ. ಅವರು ಕಸ ಎಲ್ಲಿ ಹಾಕುತ್ತಾರೆಂದು ಗಟಾರ ನೋಡಿದರೆ ಗೊತ್ತಾಗುತ್ತದೆ. ಆ ಗಟಾರದ ಕಥೆಯೂ ಅಷ್ಟೇ. ಮೇ ತಿಂಗಳಲ್ಲಿ ರಾಡಿ ತೆಗೆದು ಅಂಚಿಗೇ ಹಾಕಿ ಫೋಟೊ ಹೊಡೆಸಿಕೊಂಡರು. ಮೊದಲ ಮಳೆಗೆ ಅದೆಲ್ಲ ಒಳಗೆ ಹೋಯಿತು. ತಿರುವಿನ ಬೀದಿದೀಪಕ್ಕೆ ಎರಡು ಅರ್ಜಿ ಕೊಟ್ಟಿದ್ದೇನೆ, ಸ್ವೀಕೃತಿ ಚೀಟಿ ಜೋಪಾನವಾಗಿದೆ, ದೀಪ ಇಲ್ಲ. ಹಸಿರು, ನೀಲಿ ಬಕೆಟ್ ಕೊಟ್ಟಾಗಲೂ ಭಾಷಣ ಇತ್ತು. ಬೇರೆ ಮಾಡಿ ಕೊಟ್ಟದ್ದನ್ನು ನಮ್ಮ ಕಣ್ಣೆದುರೇ ಗಾಡಿಯಲ್ಲಿ ಕಲಸಿದರು. ಈಗ ಹಸಿರು ಬಕೆಟ್ ನಮ್ಮ ಅಡುಗೆಮನೆಯಲ್ಲಿ ಹೆಂಚಿನ ಸೋರಿಕೆಗೆ ಇಟ್ಟದ್ದು. ಅದೊಂದು ಉಪಕಾರ ಆಗಿದೆ.

2016ರ ಘನತ್ಯಾಜ್ಯ ನಿಯಮ ಬಂದಾಗ ಕಸವನ್ನು ಮೂರು ಬಗೆಯಾಗಿ ಬೇರೆ ಮಾಡಿ ಕೊಡಿ ಎಂದಿದ್ದರು. ಕೊಡಿ ಎಂದ ಮೇಲೆ ತಗೊಳ್ಳುವವರೂ ಇರಬೇಕು ಅಲ್ವಾ?

ಹಾಗಾಗಿ, ಮಳೆಗಾಲ ಮುಗಿಯುವವರೆಗಾದರೂ ಮೀನಿನ ಕಸ ಒಯ್ಯಲಿ. ಇಲ್ಲವಾದರೆ ಮನೆಮನೆಗೆ ಮುಚ್ಚಳದ ಡ್ರಮ್ಮು, ಒಣ ನಾರಿನ ಪುಡಿ ಕೊಡಲಿ. ಅದೂ ಆಗದಿದ್ದರೆ ಆ ಸಾಹೇಬರೇ ಒಂದು ಭಾನುವಾರ ನಮ್ಮನೆಗೆ ಬರಲಿ, ಶೆಟ್ಲಿ ಸುಕ್ಕಾ ಮಾಡಿ ಹಾಕುತ್ತೇನೆ. ಹೋಗುವಾಗ ಸಿಪ್ಪೆ ತಗೊಂಡು ಹೋಗಲಿ. ರಾತ್ರಿ ಬರುವುದಾದರೆ ಬ್ಯಾಟರಿ ತರಲಿ, ತಿರುವಿನಲ್ಲಿ ದೀಪ ಇಲ್ಲ.

— ಒಬ್ಬ ನಿವೃತ್ತ ಅಕ್ಕೋರು