ಪೌಂಡ್ ಗುರುತಾದ ನಮ್ಮ ‘ನ’ಕಾರ: ಮಾಹಿತಿ ತಂತ್ರಜ್ಞಾನ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮಾಹಿತಿ ತಂತ್ರಜ್ಞಾನ ಸಚಿವರಿಗೆ,

ವಿಜಯಪುರದಿಂದ ಶರಣು ಶರಣಾರ್ಥಿ.

ನನ್ನದು ಊರೊಳಗೆ ಒಂದು ಝೆರಾಕ್ಸ್, ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಾಂಡ್ ಪೇಪರಿನ ಕರಾರು, ನೌಕರಿ ಅರ್ಜಿ, ಉತಾರದ (ಪಹಣಿಯ) ಪ್ರಿಂಟು, ಇವೇ ನನ್ನ ದಿನದ ಕೆಲಸ. ಸಂಜೆಯಾದರೆ ಅಂಗಡಿ ಮುಂದೆ ಇಂಜಿನಿಯರಿಂಗ್ ಹುಡುಗರು ಸೇರುತ್ತಾರೆ. ಯಾವ ಫೋನಿನ ಚಿಪ್ ಜಾಸ್ತಿ ಕಾಯುತ್ತದೆ, ಉಬುಂಟು ಚಲೋನೋ ಫೆಡೋರಾ ಚಲೋನೋ, ಹೊಸ ಎಐ ಯಾರ ನೌಕರಿ ತಿನ್ನುತ್ತದೆ ಎಂದು ಒಂದೊಂದು ಚಹಾಕ್ಕೆ ಎರಡೆರಡು ತಾಸು ಜಗಳ. ಆ ಜಗಳದಲ್ಲಿ ನಾನೂ ಒಬ್ಬ. ಕ್ರಿಕೆಟ್ ಸ್ಕೋರಿಗಿಂತ ನನಗೆ ಈ ಸುದ್ದಿಗಳೇ ರುಚಿ.

2025ರ ಜುಲೈನಲ್ಲಿ ಹಿರಿಯ ನಟಿ ಬಿ. ಸರೋಜಾದೇವಿಯವರು ತೀರಿಕೊಂಡಾಗ ಮುಖ್ಯಮಂತ್ರಿಗಳ ಕಚೇರಿ ಫೇಸ್‌ಬುಕ್ಕಿನಲ್ಲಿ ಕನ್ನಡದಲ್ಲಿ ಸಂತಾಪ ಬರೆಯಿತು. ಫೇಸ್‌ಬುಕ್ಕಿನ ಒಡೆಯ ಮೆಟಾ ಕಂಪನಿಯ ಯಂತ್ರ ಅದನ್ನು ತಾನಾಗಿ ಇಂಗ್ಲಿಷಿಗೆ ತಿರುಗಿಸಿ, ಮುಖ್ಯಮಂತ್ರಿಗಳೇ ತೀರಿಕೊಂಡರು ಎಂಬರ್ಥ ಬರುವಂತೆ ಬರೆದಿತ್ತು. ಅನುವಾದ ಸರಿಯಾಗುವವರೆಗೆ ಕನ್ನಡಕ್ಕೆ ಈ ಸೌಲಭ್ಯ ನಿಲ್ಲಿಸಿ ಎಂದು ಸರ್ಕಾರದಿಂದ ಕಾಗದ ಹೋಯಿತು, ಕಂಪನಿ ಕ್ಷಮೆ ಕೇಳಿತು. ಆ ಸಂಜೆ ನಮ್ಮ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಲ್ಲೊಬ್ಬ ಮಾತ್ರ ಕಾಗದ ತೆಗೆದು ಆ ವಾಕ್ಯದ ಕಟ್ಟು ಬರೆದು ತೋರಿಸಿದ. ಮೊದಲು ಮುಖ್ಯಮಂತ್ರಿಗಳ ಹೆಸರು, ಆಮೇಲೆ ‘ನಿನ್ನೆ ನಿಧನರಾದ’, ಆಮೇಲೆ ನಟಿಯ ಹೆಸರು. ‘ನಿಧನರಾದ’ ಎಂಬ ಪದ ಯಾವಾಗಲೂ ಮುಂದೆ ಬರುವ ಹೆಸರಿಗೆ ಅಂಟುತ್ತದೆ, ಹಿಂದೆ ಬಂದ ಹೆಸರಿಗಲ್ಲ. ನಿನ್ನೆ ಬಂದ ಅತ್ತಿ, ಮೊನ್ನೆ ತಂದ ಹೋರಿ ಎಂದು ಮಾತಾಡುವ ನಾಲ್ಕು ವರ್ಷದ ಕೂಸಿಗೂ ಇದು ಗೊತ್ತು. ಯಂತ್ರಕ್ಕೆ ಗೊತ್ತಿರಲಿಲ್ಲ.

ಕಂಪನಿಯನ್ನು ಬೈಯುವುದು ಸುಲಭ, ಬೈಯಲೂಬೇಕು. ಆದರೆ ಆ ಯಂತ್ರಕ್ಕೆ ಕನ್ನಡ ವಾಕ್ಯ ಎಲ್ಲಿಂದ ಸಿಗಬೇಕಿತ್ತು? ನಾನು ಈ ಪತ್ರ ಬರೆಯುತ್ತಿರುವುದು ಆ ಪ್ರಶ್ನೆಗಾಗಿ. ಉತ್ತರದ ಬಹುಪಾಲು ನಿಮ್ಮ ಸರ್ಕಾರದ ಕಪಾಟಿನಲ್ಲಿದೆ ಎಂದು ನನಗನ್ನಿಸುತ್ತದೆ.

ನನ್ನ ಅಂಗಡಿಗೆ ಬರುವ ಇಂಡಿ ತಾಲೂಕಿನ ಒಬ್ಬ ಹುಡುಗನ ಸಂಗತಿ ಹೇಳುತ್ತೇನೆ. ಅವನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾನೆ. ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಎಂಬ ತಂತ್ರಾಂಶ ಹಾಕಿಕೊಂಡಿದ್ದಾನೆ, ಪರದೆಯ ಮೇಲಿನ ಅಕ್ಷರವನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಕಣ್ಣು ಕಾಣದ ಒಬ್ಬ ಆಸ್ಟ್ರೇಲಿಯಾದವರು 2006ರಲ್ಲಿ ಶುರು ಮಾಡಿ, ಕಣ್ಣು ಕಾಣದ ತಮ್ಮ ಗೆಳೆಯರೊಬ್ಬರ ಜೊತೆ ಬೆಳೆಸಿದ ತಂತ್ರಾಂಶ ಅದು. ಇಡೀ ಜಗತ್ತಿಗೆ ಪುಕ್ಕಟೆ, ಕನ್ನಡವನ್ನೂ ಓದುತ್ತದೆ. ಕನ್ನಡ ವಿಕಿಪೀಡಿಯದ ಪುಟವನ್ನು ಈ ಹುಡುಗ ನನಗಿಂತ ಬೇಗ ಕೇಳಿ ಮುಗಿಸುತ್ತಾನೆ. ಒಂದು ದಿನ ಸರ್ಕಾರದ ಒಂದು ಇಲಾಖೆಯ ನೇಮಕಾತಿ ಅಧಿಸೂಚನೆ ತೆರೆದು ನನ್ನ ಮುಂದೆ ಇಟ್ಟ.

“ಅಣ್ಣಾರ, ಇದು ಕನ್ನಡ ಅಲ್ಲೇನ್ರಿ? ಏನೇನೋ ಬಡಬಡಸಾಕತ್ತೈತಿ.”

ನನ್ನ ಕಣ್ಣಿಗೆ ಅದು ಅಚ್ಚುಕಟ್ಟಾದ ಕನ್ನಡ. ಅವನ ಕಿವಿಗೆ ಬೀಳುತ್ತಿದ್ದುದು ಬೇರೆ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಅದು. ಆ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಕಂಪ್ಯೂಟರ್ ಒಳಗೆ ಉಳಿಯುವುದು ಇಷ್ಟು: ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಆ ಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಕೊನೆಗೆ ಮತ್ತೊಮ್ಮೆ ಆ ಎ. ನಮ್ಮ ‘ನ’ಕಾರ ಅಲ್ಲಿ ಪೌಂಡ್ ಆಗಿದೆ. ಫಾಂಟ್ ಎಂಬ ಮುಖವಾಡ ಹಾಕಿದಾಗ ಅದು ಕಣ್ಣಿಗೆ ಕನ್ನಡವಾಗಿ ಕಾಣುತ್ತದೆ. ಮುಖವಾಡ ಕಾಣದವನಿಗೆ, ಅಂದರೆ ಆ ಹುಡುಗನಿಗೆ, ಹುಡುಕುಯಂತ್ರಕ್ಕೆ, ಅನುವಾದದ ಯಂತ್ರಕ್ಕೆ, ಆ ಅಧಿಸೂಚನೆಯಲ್ಲಿ ಒಂದೇ ಒಂದು ಕನ್ನಡ ಅಕ್ಷರವೂ ಇಲ್ಲ. ಕಡೆಗೆ ನಾನೇ ಅಷ್ಟೂ ಪುಟ ಓದಿ ಹೇಳಿದೆ. ತನ್ನ ಕೆಲಸ ತಾನೇ ಮಾಡಿಕೊಳ್ಳಬಲ್ಲ ಹುಡುಗ ನನ್ನ ಸ್ಟೂಲಿನ ಮೇಲೆ ಕೈಕಟ್ಟಿ ಕೂತು ಕೇಳಬೇಕಾಯಿತು. ನನಗೆ ಹೊಟ್ಟೆ ಉರಿಯಿತು ಸಾಹೇಬರೇ.

ನುಡಿಯನ್ನು ನಾನು ಹಳಿಯುತ್ತಿಲ್ಲ. ನಾನು ಟೈಪಿಂಗ್ ಕಲಿತದ್ದೇ ಅದರಲ್ಲಿ. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಎಂಬ ತಂತ್ರಾಂಶಗಳು ಬಂದು ಒಬ್ಬೊಬ್ಬರದು ಒಂದೊಂದು ಸಂಕೇತವಾಗಿ, ಒಂದು ಅಂಗಡಿಯ ಕಡತ ಇನ್ನೊಂದು ಅಂಗಡಿಯಲ್ಲಿ ತೆರೆಯದಿದ್ದ ಕಾಲದಲ್ಲಿ ಕನ್ನಡ ಗಣಕ ಪರಿಷತ್ತು ನುಡಿಯನ್ನು ಕೊಟ್ಟು ಪುಣ್ಯ ಕಟ್ಟಿಕೊಂಡಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ನನ್ನ ಬೆರಳಿಗೆ ಈಗಲೂ ಅಂಟಿಕೊಂಡಿದೆ. ತಕರಾರು ಕೀಲಿಮಣೆಯದಲ್ಲ, ಅಕ್ಷರ ಒಳಗೆ ಉಳಿಯುವ ರೀತಿಯದು. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಸಂಕೇತ ಕೊಡುವ ಪದ್ಧತಿಯಾದ ಯುನಿಕೋಡ್ 1991ರಲ್ಲಿ ಮೊದಲ ಸಲ ಬಂದಾಗಲೇ ಕನ್ನಡಕ್ಕೆ ಅದರಲ್ಲಿ 128 ಮನೆಗಳ ಒಂದು ಓಣಿಯೇ ಮೀಸಲಾಗಿತ್ತು. 2021ರಲ್ಲಿ ಹಳೆಯ ನಕಾರ ಪೊಲ್ಲಿಗೂ (ಸ್ವರವಿಲ್ಲದ ‘ನ್’ ಬರೆಯುವ ಹಳೆಯ ರೂಪ) ಅಲ್ಲಿ ಒಂದು ಮನೆ ಸಿಕ್ಕಿತು. ಇವತ್ತು ಯಾರ ಕೈಬರಹದಲ್ಲೂ ಇಲ್ಲದ ಅಕ್ಷರಕ್ಕೆ ಜಗತ್ತು ಜಾಗ ಕೊಟ್ಟಿದೆ, ನಮ್ಮ ಕಚೇರಿಗಳು ದಿನನಿತ್ಯದ ‘ನ’ಕಾರವನ್ನು ಇನ್ನೂ ಪೌಂಡ್ ಮಾಡಿಯೇ ಇಡುತ್ತಿವೆ. ಯುನಿಕೋಡನ್ನು ಶಿಷ್ಟತೆ ಎಂದು ಕರ್ನಾಟಕ ಸರ್ಕಾರವೇ ಒಪ್ಪಿಕೊಂಡು ದಶಕ ದಾಟಿತು. ಹೊಸ ನುಡಿಯೂ ಯುನಿಕೋಡಿನಲ್ಲಿ ಬರೆಯುತ್ತದೆ. ಅದೇ ಕೀಲಿ, ಅದೇ ಬೆರಳು. ಗುಮಾಸ್ತರು ಹೊಸದಾಗಿ ಕಲಿಯಬೇಕಾದದ್ದು ಬಹಳವಿಲ್ಲ.

ಮತ್ತೆ ಈ ಬದಲಾವಣೆ ಯಾಕೆ ನಿಂತಿದೆ? ಇಪ್ಪತ್ತು ವರ್ಷ ಈ ಧಂದೆಯಲ್ಲಿ ಕೂತು ನೋಡಿದವನಾಗಿ ಹೇಳುತ್ತೇನೆ. ಹಳೆಯ ಕಡತವನ್ನು ತೆರೆದು ತಾರೀಖು ಬದಲಿಸಿ, ಹೆಸರು ಬದಲಿಸಿ ಉಳಿಸುವುದು ಕಚೇರಿಯ ರೂಢಿ. ಮೂಲ ಕಡತ ಹಳೆಯ ಫಾಂಟಿನದು, ಆದ್ದರಿಂದ ಅದರ ಮಕ್ಕಳು ಮೊಮ್ಮಕ್ಕಳೂ ಹಳೆಯ ಫಾಂಟಿನವು. ಹೊರಗಿನ ಡಿಟಿಪಿಯವರು ಪುಟ ಕೂಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್ ಬಿಡುವುದಿಲ್ಲ, ಪೇಜ್‌ಮೇಕರಿಗೆ ಯುನಿಕೋಡ್ ಕನ್ನಡ ಬರುವುದಿಲ್ಲ. ನಾನು ಅದನ್ನು ಬಿಟ್ಟಾಗ ನನ್ನ ಲಗ್ನಪತ್ರಿಕೆಯ ಮಾದರಿಗಳನ್ನೆಲ್ಲ ಹೊಸದಾಗಿ ಕೂಡಿಸಬೇಕಾಯಿತು. ಎರಡು ತಿಂಗಳು ತ್ರಾಸಾಯಿತು, ಆಮೇಲೆ ಇಲ್ಲ.

ಇದಕ್ಕಿಂತ ಕೆಟ್ಟದ್ದು ಸ್ಕ್ಯಾನ್. ಆದೇಶ ಹುಟ್ಟುವುದು ಕಂಪ್ಯೂಟರಿನಲ್ಲಿ. ಅದನ್ನು ಕಾಗದಕ್ಕೆ ಇಳಿಸಿ, ಸಹಿ ಮಾಡಿ, ಶಿಕ್ಕಾ ಹೊಡೆದು, ಮತ್ತೆ ಸೊಟ್ಟಗೆ ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸುತ್ತಾರೆ. ಅಕ್ಷರವಾಗಿದ್ದದ್ದು ಬರೀ ಫೋಟೊ ಆಗುತ್ತದೆ. ಡಿಜಿಟಲ್ ಸಹಿಗೆ ನಮ್ಮ ದೇಶದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಿಂದಲೇ ಮಾನ್ಯತೆ ಇದೆ. ಶಿಕ್ಕಾದ ಮೇಲಿನ ಪ್ರೀತಿಗೆ ಇಡೀ ಆದೇಶವನ್ನೇ ಕುರುಡು ಮಾಡುವುದು ಸರಿಯಲ್ಲ. ಬೆಳೆ ಪರಿಹಾರದ ಯಾದಿ ಹಿಡಿದುಕೊಂಡು ಒಬ್ಬ ಹಿರಿಯರು ಬಂದಿದ್ದರು. “ತಮ್ಮಾ, ಇದರಾಗ ನಮ್ಮೂರ ಎಲ್ಲೈತಿ ನೋಡು” ಎಂದರು. ಹುಡುಕುವ ಗುಂಡಿ ಒತ್ತಿ ಊರಿನ ಹೆಸರು ಬರೆದರೆ ಅರ್ಧ ನಿಮಿಷದ ಕೆಲಸ. ಆ ಯಾದಿ ಫೋಟೊ ಆಗಿತ್ತು, ಗುಂಡಿ ಕೆಲಸ ಮಾಡಲಿಲ್ಲ. ಕಾಕಾ ಬೀಡಿ ಸೇದುತ್ತಾ ಹೊರಗೆ ಕೂತರು, ನಾನು ಒಂದೊಂದೇ ಪುಟ ಕಣ್ಣಾಡಿಸಿದೆ. ಊಟದ ಹೊತ್ತಾಯಿತು, ಆಗ ಸಿಕ್ಕಿತು.

ಈಗ ಎಐ ಮಾತಿಗೆ ಬರುತ್ತೇನೆ. ನವೆಂಬರ್ ಬಂದರೆ ಬೆಂಗಳೂರಿನ ತಂತ್ರಜ್ಞಾನ ಶೃಂಗಸಭೆಯ ಫೋಟೊ ನೋಡಿ ನಮ್ಮ ಹುಡುಗರಿಗೆ ಹುರುಪು, ನನಗೂ ಹೆಮ್ಮೆ. ಆದರೆ 2024ರ ಮೇ ತಿಂಗಳ ಒಂದು ಸುದ್ದಿ ನನ್ನ ಮನಸ್ಸಿನಿಂದ ಹೋಗಿಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಹೊಸ ಮಾಡೆಲ್ ಬಿಡುಗಡೆ ಮಾಡುವಾಗ, ಇಂತಿಂಥ ಭಾಷೆಯನ್ನು ಈಗ ಕಡಿಮೆ ತುಂಡುಗಳಲ್ಲಿ ಓದುತ್ತೇವೆ, ಆದ್ದರಿಂದ ಖರ್ಚೂ ಕಡಿಮೆ ಎಂದು 20 ಭಾಷೆಗಳ ಉದಾಹರಣೆ ಕೊಟ್ಟಿತು. ಗುಜರಾತಿ, ತೆಲುಗು, ತಮಿಳು, ಮರಾಠಿ, ಹಿಂದಿ, ಉರ್ದು ಇದ್ದವು. ಕನ್ನಡ ಇರಲಿಲ್ಲ. ಬರೀ ಉದಾಹರಣೆಯ ಪಟ್ಟಿ ಅದು, ಕನ್ನಡ ಅದಕ್ಕೆ ಬರುವುದೇ ಇಲ್ಲ ಎಂದಲ್ಲ. ಆದರೂ ನಮ್ಮ ಕಟ್ಟೆ ಆ ಸಂಜೆ ಮೌನವಾಗಿತ್ತು. ತುಂಡಿನ ಲೆಕ್ಕ ಹುಡುಗರು ನನಗೆ ಬಿಡಿಸಿ ಹೇಳಿದರು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಕಂಪ್ಯೂಟರಿನಲ್ಲಿ 1 ಬೈಟ್ ಸಾಕು. ನಮ್ಮ ಒಂದು ‘ಕ್ಷ’ ಒಳಗೆ ಮೂರು ಸಂಕೇತ, ಒಂದೊಂದಕ್ಕೆ 3 ಬೈಟ್, ಒಟ್ಟು 9. ಕನ್ನಡದ ಬರಹವನ್ನು ಯಂತ್ರ ಸಾಕಷ್ಟು ಓದಿದ್ದರೆ ಹೀಗೆ ಚೂರು ಚೂರು ಮಾಡದೆ ಪದ ಪದವಾಗಿ ಹಿಡಿಯುತ್ತದೆ. ಓದಿಲ್ಲದಿದ್ದರೆ ಪುಡಿ ಮಾಡುತ್ತದೆ, ಪುಡಿಗೂ ಲೆಕ್ಕ ಹಾಕಿ ಹಣ ಕೇಳುತ್ತದೆ. ಕನ್ನಡದಲ್ಲಿ ಆ್ಯಪ್ ಮಾಡುವ ನಮ್ಮ ಹುಡುಗ ಅದೇ ಕೆಲಸಕ್ಕೆ ಜಾಸ್ತಿ ದುಡ್ಡು ತೆರುತ್ತಾನೆ.

ಓದುವುದಕ್ಕೆ ಕೊಡಬೇಕಾದವರು ಯಾರು? ಕೆನಡಾದ ಸಂಸತ್ತಿನ ಕಲಾಪ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ದಾಖಲಾಗುತ್ತದೆ. 1980ರ ದಶಕದ ಕೊನೆಯಲ್ಲಿ ಐಬಿಎಂ ಸಂಶೋಧಕರು ಆ ಜೋಡಿ ವಾಕ್ಯಗಳನ್ನೇ ಯಂತ್ರಕ್ಕೆ ಉಣಿಸಿ, ಅಂಕಿಅಂಶದ ಮೇಲೆ ನಡೆಯುವ ಅನುವಾದಕ್ಕೆ ದಾರಿ ಮಾಡಿದರು. ಯುರೋಪಿನ ಸಂಸತ್ತಿನ ಮಾತುಗಳೂ ಹೀಗೆಯೇ ಬಳಕೆಯಾದವು. ಸರ್ಕಾರದ ಒಣ ಕಾಗದಪತ್ರವೇ ಆ ಭಾಷೆಗಳ ಯಂತ್ರಗಳಿಗೆ ತಾಯಿಹಾಲಾಯಿತು. ನಮ್ಮಲ್ಲೂ ರಾಜ್ಯಪತ್ರ ಇದೆ, ಕನ್ನಡ ಇಂಗ್ಲಿಷ್ ಎರಡರಲ್ಲೂ ಕಾಯ್ದೆಗಳಿವೆ, ಸದನದ ನಡವಳಿಗಳಿವೆ. ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನದಲ್ಲಿ ನಮ್ಮ ಭಾಗದ ಶಾಸಕರು “ನೀರ ಯಾವಾಗ ಬಿಡ್ತೀರಿ ಹೇಳ್ರಿ” ಎಂದು ಗುಡುಗುವ ಕನ್ನಡವಿದೆ. ಅದರ ಧ್ವನಿಯನ್ನೂ ಬರಹವನ್ನೂ ಜೋಡಿಸಿ ಎಲ್ಲರ ಬಳಕೆಗೆ ಬಿಟ್ಟರೆ, ನಮ್ಮ ಮಾತು ಫೋನಿಗೆ ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠ ಎಲ್ಲಿದೆ? ಇವತ್ತು ನಾನು ಫೋನಿಗೆ “ಉತಾರ ತಗಸೂದೈತಿ” ಎಂದರೆ ಅದು ಬರೆಯುವುದು ಬೇರೆಯೇ. ಅದಕ್ಕೆ ತಿಳಿಯಲೆಂದು ನಾನು ಬೆಂಗಳೂರಿನವನಂತೆ ಮಾತಾಡಬೇಕು. ನನಗೆ ಅದು ಒಪ್ಪಿಗೆಯಿಲ್ಲ.

ನಮ್ಮೂರಿನಲ್ಲಿ ಬಾಳಿದ ಫ.ಗು. ಹಳಕಟ್ಟಿಯವರನ್ನು ಈ ಸಂದರ್ಭದಲ್ಲಿ ನೆನೆಯದೆ ಇರಲಾರೆ. ಮನೆಮನೆಯ ಜಗಲಿಯ ಮೇಲೆ ಪೂಜೆಗೆ ಕೂತಿದ್ದ ತಾಡೋಲೆಗಳನ್ನು ಬೇಡಿ ತಂದು, ವಚನಗಳನ್ನು ಓದಿ, ಬಿಡಿಸಿ ಬರೆದು, 1923ರಲ್ಲಿ ಮೊದಲ ಸಂಪುಟ ಅಚ್ಚು ಮಾಡಿಸಿದರು. ಮುಂದೆ ಸ್ವಂತ ಮನೆ ಮಾರಿ ಇಲ್ಲೇ ಹಿತಚಿಂತಕ ಮುದ್ರಣಾಲಯ ಹಾಕಿದರು. ಅವರು ಮಾಡಿದ್ದು ಒಂದು ಮಾಧ್ಯಮದಲ್ಲಿ ಸಿಕ್ಕಿಬಿದ್ದ ಕನ್ನಡವನ್ನು ಇನ್ನೊಂದಕ್ಕೆ ದಾಟಿಸುವ ಕೆಲಸ. ನಮ್ಮ ಕಾಲದಲ್ಲಿ ಅದೇ ವಚನಗಳನ್ನು, 20 ಸಾವಿರಕ್ಕೂ ಹೆಚ್ಚು, ಯುನಿಕೋಡಿಗೆ ದಾಟಿಸಿ ಹುಡುಕುವಂತೆ ಮಾಡಿದ್ದು ವಚನ ಸಂಚಯ ಎಂಬ ಜಾಲತಾಣದ ಸ್ವಯಂಸೇವಕರು. ಸಂಬಳವಿಲ್ಲದ ಉತ್ಸಾಹಿ ಹುಡುಗರು ಅಷ್ಟು ಮಾಡಿರುವಾಗ, ಇಲಾಖೆ, ಅಧಿಕಾರಿ, ಬಜೆಟ್ ಎಲ್ಲ ಇರುವ ಸರ್ಕಾರ ತನ್ನ ಆದೇಶಗಳನ್ನು ದಾಟಿಸಲಾರದೇ? ಪರಿವರ್ತಕ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ತಪ್ಪುತ್ತವೆ, ತಿದ್ದಲು ಕಣ್ಣು ಬೇಕು. ಕೆಲಸವಿಲ್ಲದ ಪದವೀಧರರು ಪ್ರತಿ ತಾಲೂಕಿನಲ್ಲೂ ಇದ್ದಾರೆ. ಈ ಕೆಲಸ ಅವರಿಗೆ ಕೊಡಿ.

ನಾನು ಕೇಳುತ್ತಿರುವುದು ದೊಡ್ಡ ಕಟ್ಟಡವಲ್ಲ, ಹೊಸ ಆ್ಯಪ್ ಅಲ್ಲ. ಯುನಿಕೋಡ್ ಅಕ್ಷರದಲ್ಲಿಲ್ಲದ, ಬರೀ ಫೋಟೊ ಆಗಿರುವ ಯಾವ ಕಾಗದವನ್ನೂ ಸರ್ಕಾರಿ ಜಾಲತಾಣ ಸ್ವೀಕರಿಸದಂತೆ ಮಾಡಿ. ಫೋಟೊ ದೊಡ್ಡದಾಯಿತೆಂದು ನಮ್ಮ ಹುಡುಗಿಯರ ಅರ್ಜಿಯನ್ನು ಆ ಜಾಲತಾಣಗಳು ಕ್ಷಣದಲ್ಲಿ ತಳ್ಳಿಹಾಕುತ್ತವೆ. ಅದೇ ಕಟ್ಟುನಿಟ್ಟು ಇಲಾಖೆಗಳ ಕಾಗದಕ್ಕೂ ಇರಲಿ. ಹೊಸ ಕಾಗದಗಳಿಂದ ಶುರು ಮಾಡಿ, ಹಳೆಯವು ನಿಧಾನವಾಗಿ ಬರಲಿ. ಎಐಗೆ ಹಣ ಇಡುವ ಮೊದಲು ಇದಾಗಲಿ.

ಇಂಡಿಯ ಆ ಹುಡುಗನಿಗೆ ಈ ಪತ್ರವನ್ನು ಓದಲು ಕೊಟ್ಟಿದ್ದೆ. ಅವನ ಲ್ಯಾಪ್‌ಟಾಪ್ ಒಂದಕ್ಷರ ಬಿಡದೆ ಓದಿತು. ಉತ್ತರ ಬಂದಾಗ ನನಗೂ ಕಳಿಸ್ರಿ ಎಂದು ಹೇಳಿ ಹೋಗಿದ್ದಾನೆ. ಆದ್ದರಿಂದ ಉತ್ತರ ಬರೆಸುವಾಗ ದಯವಿಟ್ಟು ಸ್ಕ್ಯಾನ್ ಮಾಡಿಸಬೇಡಿ, ಅಕ್ಷರವಾಗಿಯೇ ಕಳಿಸಿ.

ನಿಮ್ಮ ವಿಶ್ವಾಸಿ,
ವಿಜಯಪುರದ ಒಬ್ಬ ಡಿಟಿಪಿ ಅಂಗಡಿಯವ